ಮುನ್ನೂರು ಪೌಂಡು ಕಲ್ಲು

ಚೀಲಗಳಲ್ಲಿರುವ ಕಲ್ಲು ಎಷ್ಟು ತೂಗುತ್ತದೆ ಎಂದು ಪೈಲಟ್ ಕೇಳಿದಾಗ ನಾನು ಹಿಂದುಮುಂದು ನೋಡದೆ ಮುನ್ನೂರು ಪೌಂಡು ಎಂದುಬಿಟ್ಟೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಎಷ್ಟು ದೊಡ್ಡ ಸುಳ್ಳು ಎಂಬುದು ಮಾತ್ರ ಗೊತ್ತಿರಲಿಲ್ಲ. 1975ರ ಆಗಸ್ಟ್ ತಿಂಗಳ ಆ ಬೆಳಿಗ್ಗೆ ನಾವು ನಿಂತಿದ್ದದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಯವ್ಯ ಭಾಗದಲ್ಲಿ, ರೆಡ್ ಲೇಕ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 80 ಮೈಲಿ ದೂರದಲ್ಲಿ, ನಕ್ಷೆಯಲ್ಲಿ ಹೆಸರಿಲ್ಲದ ಒಂದು ಕೆರೆಯ ದಡದಲ್ಲಿ. ಕೆರೆ ಎಂದರೆ ನಮ್ಮಲ್ಲಿ ಯಾರೋ ಕಟ್ಟಿಸಿದ್ದು. ಅಲ್ಲಿಯವು ಹಿಮನದಿಗಳು ಬಂಡೆಯನ್ನು ಕೆರೆದು ಬಿಟ್ಟುಹೋದವು. ಅಂಥವು ಆ ಸೀಮೆಯಲ್ಲಿ ಎಷ್ಟಿವೆಯೆಂದರೆ, ಹೆಸರಿಡುವವರಿಗೇ ಬೇಸರ ಬಂದಿರಬೇಕು.

ನಾನು ಭೂವಿಜ್ಞಾನಿ. ಮೈಸೂರಿನಲ್ಲಿ ಓದಿ, ಕೋಲಾರದ ಚಿನ್ನದ ಗಣಿಯಲ್ಲಿ ಎರಡು ವರ್ಷ ದುಡಿದು, ಆ ಬಳಿಕ ಕೆನಡಾಕ್ಕೆ ಹೋದವನು. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಪಂಜರದಲ್ಲಿ ನಿಂತು ನೆಲದ ಆಳಕ್ಕೆ ಇಳಿಯುವುದು ನನಗೆ ಅಭ್ಯಾಸವಾಗಿತ್ತು. ನೆಲ ಬಿಟ್ಟು ಮೇಲಕ್ಕೆ ಹೋಗುವುದು ಅಭ್ಯಾಸವಿರಲಿಲ್ಲ. ಆದರೆ ರೆಡ್ ಲೇಕ್ ಸುತ್ತಲಿನ ಬಂಡೆಗಳು ನನಗೆ ಹೊಸವಲ್ಲ. ಸುಮಾರು 270 ಕೋಟಿ ವರ್ಷ ಹಿಂದಿನ, ಲಾವಾದಿಂದ ಉಂಟಾಗಿ ಮುಂದೆ ಹಸಿರು ಛಾಯೆ ತಳೆದ ಅದೇ ಜಾತಿಯ ಶಿಲೆ, ಅದರ ಬಿರುಕುಗಳಲ್ಲಿ ಹಾದುಹೋಗುವ ಅದೇ ಬೆಣಚುಕಲ್ಲಿನ ಎಳೆಗಳು, ಅವುಗಳಲ್ಲಿ ಅದೇ ಚಿನ್ನ. ಮೊದಲ ದಿನ ಸುತ್ತಿಗೆಯಿಂದ ಒಂದು ಚೂರು ಒಡೆದು ಕೈಯಲ್ಲಿ ಹಿಡಿದಾಗ ಊರಿನವರೊಬ್ಬರನ್ನು ಪರದೇಶದ ಸಂತೆಯಲ್ಲಿ ಕಂಡಂತಾಗಿತ್ತು.

ಆ ನಾಡಿನಲ್ಲಿ ಬುಶ್ ಎಂದರೆ ಪೊದೆಯಲ್ಲ, ರಸ್ತೆಯಿಲ್ಲದ ಇಡೀ ಕಾಡು. 1925ರಲ್ಲಿ ಹೌಯಿ ಸಹೋದರರು ರೆಡ್ ಲೇಕ್ ದಡದಲ್ಲಿ ಚಿನ್ನ ಕಂಡ ಮೇಲೆ, 1926ರಲ್ಲಿ ಜನ ನಾಯಿಗಳ ಜಾರುಬಂಡಿ ಕಟ್ಟಿಕೊಂಡು ಅಲ್ಲಿಗೆ ನುಗ್ಗಿದರು. ಅವರ ಹಿಂದೆಯೇ ವಿಮಾನಗಳೂ ಬಂದವು. ಆ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದ ವೆಸ್ಟರ್ನ್ ಕೆನಡಾ ಏರ್‌ವೇಸ್‌ನಂಥ ಸಂಸ್ಥೆಗಳು ಹಿಟ್ಟು, ಡೈನಮೈಟು, ಕೊರೆಯುವ ಯಂತ್ರದ ಬಿಡಿಭಾಗ, ಹಾಸಿಗೆ, ಕೆಲವೊಮ್ಮೆ ಹೆಣ, ಎಲ್ಲವನ್ನೂ ಹೊತ್ತವು. ಬೇಸಿಗೆಯಲ್ಲಿ ಚಕ್ರಗಳಿರುವ ಜಾಗಕ್ಕೆ ದೋಣಿಯಂಥ ಎರಡು ಫ್ಲೋಟ್, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಸ್ಕೀ. ನೀರು ಹೆಪ್ಪುಗಟ್ಟುವ ಮತ್ತು ಹೆಪ್ಪು ಒಡೆಯುವ ಕೆಲವು ವಾರಗಳಲ್ಲಿ ಎರಡೂ ನಡೆಯುವುದಿಲ್ಲ. ಆಗ ಕಾಡಿನೊಳಗೆ ಇದ್ದವನು ಇದ್ದಲ್ಲಿಯೇ ಇರಬೇಕು.

ನಮ್ಮನ್ನು ಕರೆದೊಯ್ಯಲು ಬಂದಿದ್ದದ್ದು ಡಿ ಹ್ಯಾವಿಲೆಂಡ್ ಕಂಪನಿಯ ಬೀವರ್. ಟೊರೊಂಟೊದ ಡೌನ್ಸ್‌ವ್ಯೂನಲ್ಲಿ ಅದು ಮೊದಲು ಹಾರಿದ್ದು 1947ರ ಆಗಸ್ಟ್ 16ರಂದು, ಅಂದರೆ ಭಾರತ ಸ್ವತಂತ್ರವಾದ ಮರುದಿನ. ನಾನೂ ಅದೇ ವರ್ಷ ಹುಟ್ಟಿದವನಾದ್ದರಿಂದ ಈ ಸಂಗತಿ ಕೇಳಿದಂದಿನಿಂದ ಆ ವಿಮಾನದ ಮೇಲೆ ನನಗೊಂದು ಸಲಿಗೆ. ಅದನ್ನು ರೂಪಿಸುವ ಮುನ್ನ ಕಂಪನಿಯವರು ಕಾಡಿನ ಪೈಲಟ್‌ಗಳನ್ನೇ ಕೇಳಿ, ಅವರಿಗೆ ಏನು ಬೇಕೆಂದು ತಿಳಿದುಕೊಂಡಿದ್ದರು. ಹಾಗಾಗಿ ಅದರಲ್ಲಿ ಚಂದಕ್ಕೆಂದು ಇದ್ದದ್ದು ಕಡಿಮೆ, ಕೆಲಸಕ್ಕೆಂದು ಇದ್ದದ್ದು ಹೆಚ್ಚು. ಬಾಗಿಲು 45 ಗ್ಯಾಲನ್ನಿನ ಪೀಪಾಯಿಯನ್ನು ಉರುಳಿಸಿಕೊಂಡು ಒಳಗೆ ಹಾಕುವಷ್ಟು ಅಗಲ. ಪೆಟ್ರೋಲಿನ ಟ್ಯಾಂಕುಗಳು ಹೊಟ್ಟೆಯಡಿ ಇದ್ದುದರಿಂದ, ರೆಕ್ಕೆ ಹತ್ತದೆ ಫ್ಲೋಟಿನ ಮೇಲೆ ನಿಂತೇ ತುಂಬಬಹುದಿತ್ತು. ಇಂಜಿನ್ ಎಣ್ಣೆ ಹಾಕುವ ಮುಚ್ಚಳವಂತೂ ಚಾಲಕನ ಕೋಣೆಯ ಒಳಗೇ, ಪಕ್ಕದಲ್ಲಿ ಕುಳಿತವನ ಕಾಲಿನ ಬಳಿ ಇತ್ತು. ಮೈನಸ್ ನಲವತ್ತರ ಚಳಿಯಲ್ಲಿ ಹೊರಗೆ ನಿಂತು ಎಣ್ಣೆ ಸುರಿದವನು ಮಾತ್ರ ಇಂಥ ಏರ್ಪಾಡನ್ನು ಕೇಳಿಯಾನು. ಮೂಗಿನಲ್ಲಿ 450 ಅಶ್ವಶಕ್ತಿಯ ಪ್ರ್ಯಾಟ್ ಆಂಡ್ ವಿಟ್ನಿ ವಾಸ್ಪ್ ಜೂನಿಯರ್ ಇಂಜಿನ್, ಒಂಬತ್ತು ಸಿಲಿಂಡರ್‌ಗಳು ಹೂವಿನ ದಳಗಳಂತೆ ಸುತ್ತ. ಅದು ಎಣ್ಣೆ ತೊಟ್ಟಿಕ್ಕದೆ ನಿಂತದ್ದನ್ನು ನಾನು ನೋಡಿಲ್ಲ. ಎಣ್ಣೆ ತೊಟ್ಟಿಕ್ಕುವುದು ನಿಂತರೆ ಒಳಗೆ ಎಣ್ಣೆ ಮುಗಿದಿದೆ ಎಂದರ್ಥ ಎಂದು ಪೈಲಟ್ ಹೇಳುತ್ತಿದ್ದ.

ನಮ್ಮ ಪೈಲಟ್ ಐವತ್ತು ದಾಟಿದ್ದವನು, ಬೀವರ್‌ಗಿಂತ ಹಳೆಯ ನಾರ್ಸ್‌ಮನ್ ವಿಮಾನಗಳಲ್ಲಿ ಪಳಗಿದವನು. ಆ ಬೆಳಿಗ್ಗೆ ಅವನು ಇಳಿದ ಬಗೆಯನ್ನು ನಾನು ದಡದಿಂದ ನೋಡಿದೆ. ಗಾಳಿ ಎಳ್ಳಷ್ಟೂ ಇರಲಿಲ್ಲ; ನೀರು ಕನ್ನಡಿಯಾಗಿತ್ತು. ಕನ್ನಡಿಯಂಥ ನೀರು ನೋಡುವವರಿಗೆ ಸೊಗಸು, ಇಳಿಯುವವರಿಗೆ ಮೋಸ, ಏಕೆಂದರೆ ನೀರಿನ ಮೇಲ್ಮೈ ಎಲ್ಲಿದೆ ಎಂದು ಕಣ್ಣು ಹೇಳಲಾರದು. ಹತ್ತು ಅಡಿ ಎತ್ತರವೂ ಐವತ್ತು ಅಡಿ ಎತ್ತರವೂ ಒಂದೇ ಆಗಿ ಕಾಣುತ್ತದೆ. ಅವನು ದಡಕ್ಕೆ ಒತ್ತಿಕೊಂಡು, ಮರಗಳನ್ನೇ ಅಳತೆಗೋಲು ಮಾಡಿಕೊಂಡು, ಮೂಗನ್ನು ತುಸು ಎತ್ತಿ, ಇಂಜಿನ್ನಿಗೆ ಸ್ವಲ್ಪ ಶಕ್ತಿ ಕೊಟ್ಟೇ ಇಟ್ಟು, ಅಳುಕದೆ ಆತುರಪಡದೆ ಕೆಳಗೆ ಬಂದ. ಆಕಾಶದಿಂದ ಇಳಿಯುವ ವಿಮಾನವೂ ನೀರೊಳಗಿಂದ ಮೇಲೇರುವ ಅದರ ಪ್ರತಿಬಿಂಬವೂ ಫ್ಲೋಟಿನ ಬಳಿ ಒಂದನ್ನೊಂದು ಮುಟ್ಟಿದಾಗಲೇ ಅವನಿಗೂ ನನಗೂ ನೀರು ಎಲ್ಲಿದೆ ಎಂದು ಗೊತ್ತಾದದ್ದು.

ಹತ್ತೊಂಬತ್ತು ದಿನ ನಾನೂ ನನ್ನ ಸಹಾಯಕನಾಗಿದ್ದ ಒಬ್ಬ ವಿದ್ಯಾರ್ಥಿಯೂ ಆ ಕಾಡಿನಲ್ಲಿದ್ದೆವು. ದಿನಕ್ಕೆ ಹತ್ತರಂತೆ 190 ಕಲ್ಲಿನ ಮಾದರಿ. ಒಂದೊಂದೂ ಮುಷ್ಟಿಗಾತ್ರ, ಒಂದೊಂದಕ್ಕೂ ಬಟ್ಟೆಯ ಪುಟ್ಟ ಚೀಲ, ಚೀಲಕ್ಕೆ ನಂಬರು. ಹಸಿರು ಶಿಲೆ ಗ್ರಾನೈಟಿಗಿಂತ ಭಾರ. ಕೋಲಾರದಲ್ಲಿ ಅದನ್ನು ಹೊತ್ತ ಭುಜಕ್ಕೆ ಈ ಲೆಕ್ಕ ಚೆನ್ನಾಗಿಯೇ ತಿಳಿದಿತ್ತು. ಆದರೂ ಒಂದು ಕಲ್ಲಿಗೆ ಒಂದೂವರೆ ಪೌಂಡೆಂದು ಮನಸ್ಸಿನಲ್ಲೇ ಹಿಡಿದು, 285 ಬಂದದ್ದನ್ನು ಧಾರಾಳವಾಗಿ 300 ಮಾಡಿದೆ. ಕಾರಣ ಸರಳವಾಗಿತ್ತು. ವಿಮಾನದ ಬಾಡಿಗೆ ಮೈಲಿಯ ಲೆಕ್ಕದಲ್ಲಿ. ಎರಡನೆಯ ಸಲ ಬರಬೇಕಾದರೆ ದುಪ್ಪಟ್ಟು. ಹಿಂದಿನ ತಿಂಗಳು ಇದೇ ವಿಷಯಕ್ಕೆ ಕಚೇರಿಯಲ್ಲಿ ಮಾತು ಕೇಳಿದ್ದೆ. ಹಾಗೆಂದು ಸುಳ್ಳನ್ನೆಲ್ಲ ಕಚೇರಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಕಪ್ಪುನೊಣಗಳ ಕಡಿತದಿಂದ ನನ್ನ ಕಿವಿಗಳ ಹಿಂಭಾಗ ಊದಿತ್ತು, ಹದಿನಾಲ್ಕು ದಿನದಿಂದ ಡಬ್ಬಿಯ ಹುರುಳಿಕಾಯಿ ತಿಂದಿದ್ದೆ, ನನಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು.

ಪೈಲಟ್ ಏನೂ ಹೇಳಲಿಲ್ಲ. ಫ್ಲೋಟಿನ ಕೋಣೆಗಳ ಮುಚ್ಚಳ ತೆಗೆದು, ಕೈಪಂಪು ತೂರಿಸಿ, ಒಳಗೆ ಜಿನುಗಿದ್ದ ನೀರನ್ನು ಒಂದೊಂದಾಗಿ ಎತ್ತಿ ಹಾಕಿದ. ಟೆಂಟು, ಒಲೆ, ರೇಡಿಯೊ, ಉಳಿದ ದಿನಸಿ ಒಳಗೆ ಹೋದವು. ಕಲ್ಲಿನ ಮೂಟೆಗಳನ್ನು ಅವನೇ ನಿಂತು ಆದಷ್ಟು ಮುಂದಕ್ಕೆ ಇಡಿಸಿದ. ಕನೂ ದೋಣಿಯನ್ನು ಮಗುಚಿ ಫ್ಲೋಟಿನ ಕಂಬಗಳಿಗೆ ಹಗ್ಗದಿಂದ ಬಿಗಿದ. ಬಿಗಿದ ಹಗ್ಗವನ್ನು ಬೆರಳಿನಿಂದ ಮೀಟಿ, ತಂಬೂರಿಯ ಶ್ರುತಿ ನೋಡುವವನಂತೆ ಕಿವಿಗೊಟ್ಟ. ಆಮೇಲೆ ದಡದ ಬಂಡೆಯ ಮೇಲೆ ಹತ್ತಿ ನಿಂತು ಫ್ಲೋಟುಗಳ ಹಿಂತುದಿಯನ್ನು ನೋಡಿದ. ಹಿಂತುದಿ ನೀರಿನೊಳಗೆ ಮುಳುಗಿತ್ತು. ನನ್ನ ಕಡೆ ತಿರುಗಿ, “ಮುನ್ನೂರು ಅಂದೆಯಲ್ಲವೇ?” ಎಂದ. ಹೌದು ಎಂದೆ. ಆಗಲೂ ಬಾಯಿ ಬಿಡಲಿಲ್ಲವಲ್ಲ ಎಂಬುದೇ ಇಂದಿಗೂ ನನಗೆ ನಾಚಿಕೆ.

ಫ್ಲೋಟ್ ಹಾಕಿದ ಬೀವರ್ ಹಾರಬಹುದಾದ ಒಟ್ಟು ತೂಕ 5,090 ಪೌಂಡು. ವಿಮಾನದ್ದೇ 3,300ರ ಆಸುಪಾಸು. ಉಳಿದದ್ದರಲ್ಲಿ ಪೆಟ್ರೋಲು, ಜನ, ಸಾಮಾನು ಎಲ್ಲ. ನಾನು ಹೇಳಿದ 300 ನಿಜವಾಗಿದ್ದರೆ ಲೆಕ್ಕ ಆರಾಮವಾಗಿ ಕೂರುತ್ತಿತ್ತು.

ನಮ್ಮ ಕೆರೆಯ ಉದ್ದ ಮುಕ್ಕಾಲು ಮೈಲಿ, ಆ ತುದಿಯಲ್ಲಿ ಕಪ್ಪು ಸ್ಪ್ರೂಸ್ ಮರಗಳ ಗೋಡೆ. ಅವನು ಕೈಪಂಪಿನಿಂದ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಹಲಗೆಗಳನ್ನು ಇಳಿಸಿ, ನೀರಿನ ಚುಕ್ಕಾಣಿಗಳನ್ನು ಮೇಲೆತ್ತಿ, ಇಂಜಿನ್ನಿನ ಶಕ್ತಿ ಏರಿಳಿಸುವ ಥ್ರಾಟಲ್ ಹಿಡಿಯನ್ನು ಪೂರ್ತಿ ಒತ್ತಿದ. ಮೂಗು ಎದ್ದಿತು, ತುಂತುರು ಕಿಟಕಿಗೆ ಬಡಿಯಿತು, ಸ್ವಲ್ಪ ಹೊತ್ತಿಗೆ ಫ್ಲೋಟುಗಳು ನೀರನ್ನು ಸೀಳುವುದು ಬಿಟ್ಟು ಅದರ ಮೇಲೆ ಓಡತೊಡಗಿದವು. ಅಲ್ಲಿಂದ ಮುಂದೆ ವೇಗ ಏರಬೇಕು, ಏರಲಿಲ್ಲ. ಅಲೆಯಿಲ್ಲದ ನೀರು ಫ್ಲೋಟಿನ ತಳವನ್ನು ಒದ್ದೆ ಗಾಜಿಗೆ ಅಂಟಿದ ಇನ್ನೊಂದು ಗಾಜಿನಂತೆ ಹಿಡಿದಿಡುತ್ತದೆ. ಸಣ್ಣ ಅಲೆಗಳಿದ್ದರೆ ಅಡಿಯಲ್ಲಿ ಗಾಳಿ ಸೇರಿ ಬಿಡುಗಡೆ ಸುಲಭ. ಮರಗಳು ದೊಡ್ಡವಾದವು. ಅವನು ಥ್ರಾಟಲ್ ಎಳೆದ, ವಿಮಾನ ಸೊಂಟ ಮುರಿದ ಎಮ್ಮೆಯಂತೆ ನೀರಿನಲ್ಲಿ ಕುಸಿದು ಕುಳಿತಿತು.

ಎರಡನೆಯ ಸಲ ಅವನು ಮೊದಲು ಕೆರೆಯ ನಡುವೆ ದೊಡ್ಡದೊಂದು ಸುತ್ತು ಹಾಕಿ, ತಾನೇ ಅಲೆ ಎಬ್ಬಿಸಿ, ಆ ಅಲೆಗಳನ್ನೇ ಅಡ್ಡಹಾಯ್ದು ಓಡಿಸಿದ. ವೇಗ ಬಂದ ಮೇಲೆ ಸ್ಟಿಯರಿಂಗನ್ನು ಒಂದು ಕಡೆಗೆ ತಿರುಗಿಸಿ ಬಲ ಫ್ಲೋಟನ್ನು ನೀರಿನಿಂದ ಕಿತ್ತ. ಒಂದು ಕಾಲು ಮೇಲೆ, ಒಂದು ಕಾಲು ನೀರಲ್ಲಿ. ಆ ಕೆಲವು ಕ್ಷಣ ನಾನು ಕಾಲಬೆರಳುಗಳನ್ನು ಬೂಟಿನೊಳಗೆ ಮಡಚಿಕೊಂಡು ಕುಳಿತಿದ್ದೆ, ಅದರಿಂದ ಭಾರ ಕಡಿಮೆಯಾಗುತ್ತದೇನೋ ಎಂಬಂತೆ. ಎಡ ಫ್ಲೋಟ್ ನೀರು ಬಿಡಲಿಲ್ಲ. ಮತ್ತೆ ಥ್ರಾಟಲ್ ಎಳೆದ. ಈ ಸಲ ಇಂಜಿನ್ನನ್ನೂ ಆರಿಸಿಬಿಟ್ಟ, ಏಕೆಂದರೆ ಸಿಲಿಂಡರಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತು.

ಅಷ್ಟು ಗದ್ದಲದ ನಂತರದ ಆ ಮೌನವನ್ನು ನಾನು ಮರೆತಿಲ್ಲ. ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತ ತಣಿಯುತ್ತಿತ್ತು, ದೂರದಲ್ಲೆಲ್ಲೋ ಲೂನ್ ಹಕ್ಕಿ ಒಮ್ಮೆ ಕೂಗಿತು. ಅವನು ಬಾಗಿಲು ತೆರೆದು, ಸಿಗರೇಟು ಹಚ್ಚುವ ಮನಸ್ಸಾಗಿ, ಪೆಟ್ರೋಲಿನ ನೆನಪಾಗಿ ಅದನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನನ್ನು ನೋಡದೆಯೇ, “ನಾನು ನಿನ್ನ ಬಾಸ್ ಅಲ್ಲ. ನನಗೆ ನಿಜ ಹೇಳಬಹುದು” ಎಂದ. ನಾನು ಐನೂರು ಇರಬಹುದು ಎಂದೆ. “ಇರಬಹುದೇ?” ಎಂದ. ಐನೂರಕ್ಕೂ ಮೇಲೆ ಎಂದೆ. ಬೈಯುತ್ತಾನೆಂದು ಕಾದೆ, ಹುಟ್ಟು ತೆಗೆದು ನನ್ನ ಕೈಗೆ ಕೊಟ್ಟು, ಫ್ಲೋಟಿನ ಮೇಲೆ ಇಳಿದು ವಿಮಾನವನ್ನು ದಡಕ್ಕೆ ನಡೆಸು ಎಂದ. ಮುಕ್ಕಾಲು ಗಂಟೆ ಹುಟ್ಟು ಹಾಕಿದೆ. ಅದು ಅವನು ಕೊಟ್ಟ ಶಿಕ್ಷೆಯೋ ಇಂಜಿನ್ ತಣಿಯಲಿ ಎಂಬ ಜಾಣತನವೋ ಎಂದು ನಾನು ಕೇಳಲಿಲ್ಲ.

ಕಲ್ಲಿನ ಅರ್ಧ ಮೂಟೆಗಳೂ ಕನೂ ದೋಣಿಯೂ ಬಂಡೆಯ ಮೇಲೆ ಉಳಿದವು. ಹತ್ತೂವರೆಯ ಹೊತ್ತಿಗೆ ನೈಋತ್ಯದಿಂದ ಸಣ್ಣ ಗಾಳಿ ಎದ್ದು ನೀರಿನ ಮೇಲೆ ಸುಕ್ಕು ಮೂಡಿತು. ಮೂರನೆಯ ಸಲ ಬೀವರ್ ಕೆರೆಯ ಅರ್ಧ ಮುಟ್ಟುವ ಮೊದಲೇ, ಹೇಳದೆ ಕೇಳದೆ ಎದ್ದುಹೋದ ಅತಿಥಿಯಂತೆ, ನೀರು ಬಿಟ್ಟಿತು. ಮರಗಳ ತುದಿ ಬಹಳ ಕೆಳಗೆ ಸರಿಯಿತು. ಹಾರಾಟದ ಉದ್ದಕ್ಕೂ ಅವನು ಕೆಳಗಿನ ಜೌಗು, ಹಳೆಯ ಕಾಳ್ಗಿಚ್ಚಿನ ಗುರುತು, ತಾನೊಮ್ಮೆ ಮಂಜಿಗೆ ಸಿಕ್ಕಿ ಎರಡು ರಾತ್ರಿ ಕಳೆದ ಕೊಲ್ಲಿ ಎಲ್ಲವನ್ನೂ ಬೆರಳು ಮಾಡಿ ತೋರಿಸಿದ. ಕಲ್ಲಿನ ಮಾತು ಎತ್ತಲಿಲ್ಲ.

ರೆಡ್ ಲೇಕ್‌ನ ಹೌಯಿ ಕೊಲ್ಲಿಯ ಕಟ್ಟೆಗೆ ಇಳಿದ ಮೇಲೆ, ಸಾಮಾನು ತೂಗುವ ತಕ್ಕಡಿಯ ಮೇಲೆ ಮೂಟೆಗಳನ್ನು ಒಂದೊಂದಾಗಿ ನನ್ನಿಂದಲೇ ಇಡಿಸಿ, ಅಂಕಿಯನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದ. ಮರುದಿನ ಬೇರೊಂದು ಕಡೆಗೆ ಹೋಗಿ ಬರುವ ದಾರಿಯಲ್ಲಿ ಉಳಿದದ್ದನ್ನೂ ತಂದ. ಒಟ್ಟು 531 ಪೌಂಡು. ಆ ಎರಡನೆಯ ಸುತ್ತಿಗೆ ಅವನು ಬರೆದ ಬಿಲ್ಲಿನಲ್ಲಿ ಸುತ್ತಿಬಳಸಿದ ದಾರಿಯ ಹದಿನಾಲ್ಕು ಮೈಲಿ ಮಾತ್ರ ಇತ್ತು.

ಅದೇ ಸಂಜೆ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಕ್ಕೆಯಿರುವ ಒಂದು ಸ್ಪ್ರಿಂಗ್ ತಕ್ಕಡಿ ಕೊಂಡೆ. ಮುಂದಿನ ಒಂಬತ್ತು ಬೇಸಿಗೆ ಅದು ನನ್ನ ಜೊತೆ ಬೀವರ್, ಆಟರ್, ಸೆಸ್ನಾಗಳಲ್ಲಿ ಓಡಾಡಿತು. ಈಗ ಮನೆಯ ಗ್ಯಾರೇಜಿನಲ್ಲಿ ನೇತಾಡುತ್ತಿದೆ. ಬೆಂಗಳೂರಿಗೆ ಹೊರಡುವವರ ಸೂಟ್‌ಕೇಸುಗಳನ್ನು ನನ್ನ ಹೆಂಡತಿ ಅದಕ್ಕೇ ತೂಗುಹಾಕಿ ನೋಡುತ್ತಾಳೆ. ಅದು ಯಾವಾಗಲೂ ಎರಡು ಪೌಂಡು ಹೆಚ್ಚು ತೋರಿಸುತ್ತದೆ. ಸರಿಪಡಿಸಲು ನಾನು ಬಿಟ್ಟಿಲ್ಲ.