ಕಿಯಾರೊಸ್ತಮಿ ಸಿನಿಮಾ ನೋಡಿದರೆ ನಿದ್ದೆ ಬರುತ್ತಲ್ಲ?

ಇರಾನಿನ ಸಿನಿಮಾ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ ಹೆಸರೆತ್ತಿದರೆ ಸಾಕು, ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ.

ಬರುತ್ತದೆ. ನನಗೂ ಬಂದಿದೆ. ಮಜಾ ಏನೆಂದರೆ ಅವರಿಗೇ ಇದರ ಬಗ್ಗೆ ತಕರಾರಿರಲಿಲ್ಲ. ತೂಕಡಿಸಲು ಬಿಡುವ ಸಿನಿಮಾಗಳೇ ತಮಗಿಷ್ಟ, ಥಿಯೇಟರಿನಲ್ಲಿ ನಿದ್ದೆ ಬರಿಸಿದ ಕೆಲವು ಆಮೇಲೆ ರಾತ್ರಿಯಿಡೀ ಎಚ್ಚರವಾಗಿಟ್ಟಿವೆ ಎಂದಿದ್ದರು.

ಆದರೆ ಹೆಚ್ಚಿನವರು ಶುರು ಮಾಡುವ ಜಾಗವೇ ತಪ್ಪು. 1997ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ದೋರ್ ಗೆದ್ದಿತು ಅಂತ 'ಟೇಸ್ಟ್ ಆಫ್ ಚೆರಿ' ಹಾಕಿಕೊಂಡು ಕೂರುತ್ತಾರೆ. ಸಾಯಲು ಹೊರಟವನೊಬ್ಬ, ತನ್ನ ಗುಂಡಿಗೆ ಮಣ್ಣು ಎಳೆಯುವವರನ್ನು ಹುಡುಕುತ್ತಾ ಕಾರು ಓಡಿಸುತ್ತಲೇ ಇರುತ್ತಾನೆ. ಮೊದಲ ಸಲಕ್ಕೆ ಅದು ಬೇಡ.

1987ರ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್' ನೋಡಿ. ಕೋಕರ್ ಎಂಬ ಹಳ್ಳಿಯ ಹುಡುಗ ಅಹ್ಮದ್, ಕ್ಲಾಸಿನಲ್ಲಿ ಪಕ್ಕ ಕೂರುವವನ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿರುತ್ತಾನೆ. ಹೋಮ್‌ವರ್ಕ್ ಅದರಲ್ಲೇ ಬರೆಯದಿದ್ದರೆ ಆ ಹುಡುಗನನ್ನು ಶಾಲೆಯಿಂದ ಓಡಿಸುತ್ತೇನೆ ಅಂತ ಮೇಷ್ಟ್ರು ಆಗಲೇ ಗದರಿಸಿದ್ದಾರೆ. ಅಹ್ಮದ್ ಅಮ್ಮನಿಗೆ ಹೇಳುತ್ತಾನೆ, ಮತ್ತೆ ಹೇಳುತ್ತಾನೆ. ಅಮ್ಮ ಕೈಕೆಲಸ ಬಿಡದೆ 'ಹೋಗಿ ಹೋಮ್‌ವರ್ಕ್ ಮಾಡು' ಅನ್ನುತ್ತಾಳೆ. ನಮ್ಮ ಮನೆಗಳಲ್ಲೂ ಇದೇ ತಾನೇ? ಕೊನೆಗೆ ಅವನು ನೋಟ್‌ಬುಕ್ ಕೊಡಲು ಗುಡ್ಡದ ಅಂಕುಡೊಂಕು ದಾರಿ ಹತ್ತಿ ಗೆಳೆಯನಿರುವ ಪಕ್ಕದೂರಿಗೆ ಓಡುತ್ತಾನೆ. ನಿದ್ದೆ ಬರಲ್ಲ, ನೋಡಿ ಬೇಕಾದರೆ.

ಮಕ್ಕಳ ಜೊತೆ ಈ ಸಲಿಗೆ ಸುಮ್ನೆ ಬಂದಿದ್ದಲ್ಲ. 1940ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಕಿಯಾರೊಸ್ತಮಿ ಕಲಿತಿದ್ದು ಚಿತ್ರಕಲೆ, ಹೊಟ್ಟೆಪಾಡಿಗೆ ಮಾಡಿದ್ದು ಜಾಹೀರಾತು. ಆಮೇಲೆ ಮಕ್ಕಳಿಗಾಗಿ ಇದ್ದ 'ಕಾನೂನ್' ಸಂಸ್ಥೆ ಸೇರಿದರು. (ನಮ್ಮ ಕಾನೂನಿಗೂ ಇದಕ್ಕೂ ಸಂಬಂಧವಿಲ್ಲ, ಪರ್ಷಿಯನ್ ಭಾಷೆಯಲ್ಲಿ ಅದು ಬೇರೆಯೇ ಪದ.) 1970ರ ಅವರ ಮೊದಲ ಕಿರುಚಿತ್ರದಲ್ಲಿ ಇರುವುದಿಷ್ಟೇ: ಬ್ರೆಡ್ ಹಿಡಿದ ಹುಡುಗ, ಗಲ್ಲಿಗೆ ಅಡ್ಡ ನಿಂತ ನಾಯಿ. 1979ರ ಕ್ರಾಂತಿಯ ನಂತರ ಎಷ್ಟೋ ಜನ ದೇಶ ಬಿಟ್ಟರು, ಇವರು ಬಿಡಲಿಲ್ಲ. 2016ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರೂ ಮಣ್ಣಾಗಿದ್ದು ಇರಾನಿನಲ್ಲೇ.

1990ರ ಜೂನ್‌ನಲ್ಲಿ ಕೋಕರ್ ಕಡೆ ಭಾರೀ ಭೂಕಂಪವಾಯಿತು. ತಮ್ಮ ಸಿನಿಮಾದ ಮಕ್ಕಳು ಬದುಕಿದ್ದಾರಾ ಅಂತ ನೋಡಲು ಮಗನನ್ನು ಕೂರಿಸಿಕೊಂಡು ಹೊರಟರು. ಅದೇ ಪ್ರಯಾಣ 1992ರಲ್ಲಿ ಇನ್ನೊಂದು ಸಿನಿಮಾ ಆಯಿತು. ಅದರಲ್ಲಿ ತನ್ನವರನ್ನು ಕಳೆದುಕೊಂಡವನೊಬ್ಬ ಡೇರೆಗಳ ಪಕ್ಕ ಟಿವಿ ಆಂಟೆನಾ ಕಟ್ಟುತ್ತಿರುತ್ತಾನೆ. ಈಗಲೂ ಟಿವಿ ನೋಡಬೇಕಾ ಅಂತ ಕೇಳಿದರೆ, ಏನು ಮಾಡೋದು, ಫುಟ್‌ಬಾಲ್ ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ ಅನ್ನುತ್ತಾನೆ. ತಂತಿ ಸರಿಮಾಡುವುದನ್ನು ಮುಂದುವರಿಸುತ್ತಾನೆ.