ಅರವತ್ನಾಲ್ಕು ಥ್ರೆಡ್ಡು, ಒಂದೇ ಡಿಸ್ಕು

ಕಲಬುರಗಿಯ ಹಫ್ತ್ ಗುಂಬಜ್, ಬೀದರಿನ ಅಷ್ಟೂರಿನ ಗೋರಿಗಳು ಮುಂತಾದವುಗಳ ರಾ (ಕ್ಯಾಮೆರಾ ಕೊಟ್ಟ ಮೂಲರೂಪದ) ಚಿತ್ರಗಳನ್ನೆಲ್ಲ ತುಂಬಿಡುತ್ತಿರುವ ಮನೆಯ ಎನ್‌ಎಫ್‌ಎಸ್ ಸರ್ವರ್ (ನೆಟ್‌ವರ್ಕಿನ ಬೇರೆ ಕಂಪ್ಯೂಟರುಗಳಿಗೆ ತನ್ನ ಡಿಸ್ಕನ್ನು ಹಂಚುವ ಯಂತ್ರ) ಏಕೆ ತೆವಳುತ್ತಿತ್ತೆಂಬುದು ಕೊನೆಗೂ ಪತ್ತೆಯಾಗಿದೆ. ಫೋಲ್ಡರನ್ನು ಹಂಚುವ ಎಕ್ಸ್‌ಪೋರ್ಟ್, ಅದನ್ನು ಕ್ಲೈಂಟಿನಲ್ಲಿ (ಬಳಸುವ ಕಂಪ್ಯೂಟರಿನಲ್ಲಿ) ಜೋಡಿಸುವ ಮೌಂಟ್ ಇತ್ಯಾದಿಗಳನ್ನು ಬಿಟ್ಟು ನೇರವಾಗಿ ರೋಗಕ್ಕೇ ಬರುತ್ತೇನೆ.

ಬೆಳಿಗ್ಗೆ ಪರೀಕ್ಷಿಸಿದರೆ ಸೆಕೆಂಡಿಗೆ 110 ಎಂಬಿ, ಎಂದರೆ ಗಿಗಾಬಿಟ್ ಕೇಬಲ್ ಕೊಡಬಹುದಾದಷ್ಟು ವೇಗ ಬರುತ್ತಿತ್ತು. ಎರಡು ಮೂರು ಕಂಪ್ಯೂಟರುಗಳಿಂದ ಒಟ್ಟಿಗೆ ಚಿತ್ರಗಳನ್ನು ಸುರಿಯತೊಡಗಿದ ಸ್ವಲ್ಪ ಹೊತ್ತಿಗೆ ಅದು 5 ಎಂಬಿಗೆ ಕುಸಿದು, ಸರ್ವರ್ ಉತ್ತರಿಸುತ್ತಿಲ್ಲವೆಂಬ ದೂರು ಕ್ಲೈಂಟುಗಳ ಲಾಗಿನಲ್ಲಿ ಸಾಲುಗಟ್ಟುತ್ತಿತ್ತು. ರಾತ್ರಿಯಿಡೀ ಸುಮ್ಮನೆ ಬಿಟ್ಟರೆ ಮರುದಿನ ಮತ್ತೆ ಏನೂ ಅರಿಯದಂತೆ ಓಡುತ್ತಿತ್ತು.

ಇಂಥ ಸಂದರ್ಭದಲ್ಲಿ ಎಲ್ಲರೂ ಕೊಡುವ ಸಲಹೆ ಎನ್‌ಎಫ್‌ಎಸ್‌ಡಿ ಥ್ರೆಡ್ಡುಗಳನ್ನು, ಎಂದರೆ ಸರ್ವರಿನಲ್ಲಿ ಏಕಕಾಲಕ್ಕೆ ಕೋರಿಕೆಗಳನ್ನು ಪೂರೈಸುವ ಕೆಲಸಗಾರರನ್ನು ಹೆಚ್ಚಿಸಬೇಕೆಂಬುದು. 8ರಿಂದ 64ಕ್ಕೆ ಏರಿಸಿದೊಡನೆ ವೇಗ ಇನ್ನಷ್ಟು ಕುಸಿಯಿತು. ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ) 60 ದಾಟಿತಾದರೂ ಸಿಪಿಯು ಮಾತ್ರ ಕೆಲಸವಿಲ್ಲದೆ ಕುಳಿತಿತ್ತು. ಕೆಲಸಗಳ ಪಟ್ಟಿ ತೋರಿಸುವ ಪಿಎಸ್ ಆಜ್ಞೆ ಕೊಟ್ಟು ನೋಡಿದರೆ ಥ್ರೆಡ್ಡುಗಳೆಲ್ಲ ಡಿ ಸ್ಥಿತಿಯಲ್ಲಿ, ಎಂದರೆ ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದವು. ಹೀಗೆ ಕಾಯುವವರನ್ನೂ ಲಿನಕ್ಸ್ ಲೋಡಿನಲ್ಲಿ ಎಣಿಸುವುದರಿಂದ ಆ 60 ಎಂಬುದು ದುಡಿಮೆಯ ಲೆಕ್ಕವಲ್ಲ, ಸರತಿಯ ಲೆಕ್ಕ.

ನೆಟ್‌ವರ್ಕಿನ ಮೇಲಿನ ಸಂಶಯವನ್ನು ವೇಗ ಅಳೆಯುವ ಐಪರ್ಫ್3 ತೋರಿಸಿದ ಸೆಕೆಂಡಿಗೆ 940 ಮೆಗಾಬಿಟ್ ನಿವಾರಿಸಿತು. ಆಮೇಲೆ ಎಫ್‌ಎಸ್‌ಐಡಿ (ಹಂಚಿಕೆಗೆ ಬೇಕಾದ ಗುರುತಿನ ಸಂಖ್ಯೆ) ಕೊಟ್ಟು, ರ್‍ಯಾಮಿನಲ್ಲೇ ಇರುವ ಫೈಲ್ ವ್ಯವಸ್ಥೆಯಾದ ಟಿಎಂಪಿಎಫ್‌ಎಸ್ ಒಂದನ್ನು ಎಕ್ಸ್‌ಪೋರ್ಟ್ ಮಾಡಿ, ರ್‍ಯಾಮಿನಲ್ಲಿ ಹಿಡಿಸುವಷ್ಟು ಚಿತ್ರಗಳನ್ನು ಅದೇ 64 ಥ್ರೆಡ್ಡುಗಳಿಂದ ಬರೆಸಿದಾಗ ಎಲ್ಲಿಯೂ ತಡೆಯಿಲ್ಲ. ಉಳಿದದ್ದು ಡಿಸ್ಕ್ ಒಂದೇ. ಡಿಸ್ಕಿನ ನಡೆ ತೋರಿಸುವ ಐಒಸ್ಟ್ಯಾಟಿನಲ್ಲಿ ಅದರ ಪ್ರತಿ ಬರಹವೂ ಸೆಕೆಂಡಿಗೂ ಮೀರಿ ಕಾಯುತ್ತಿತ್ತು. ಮಾಡೆಲ್ ಸಂಖ್ಯೆ ಹುಡುಕಿದಾಗ ಅದು ಎಸ್‌ಎಂಆರ್ (ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್) ಡಿಸ್ಕ್ ಎಂದು ತಿಳಿಯಿತು.

ಸಾಮಾನ್ಯ (ಸಿಎಂಆರ್) ಡಿಸ್ಕಿನಲ್ಲಿ ದತ್ತಾಂಶ ಬರೆಯುವ ಟ್ರ್ಯಾಕುಗಳು ನಮ್ಮ ಶಹಾಬಾದ್ ಕಲ್ಲಿನ ಹಾಸಿನಂತೆ ಪಕ್ಕಪಕ್ಕದಲ್ಲಿರುತ್ತವೆ. ಎಸ್‌ಎಂಆರ್‌ನಲ್ಲಿ ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಒಂದನ್ನು ಬದಲಿಸಲು ಅದರ ಮೇಲೆ ಚಾಚಿದವನ್ನೂ ಮತ್ತೆ ಬರೆಯಬೇಕು. ಈ ಕಷ್ಟವನ್ನು ಮರೆಸಲು ಡಿಸ್ಕ್ ಮೊದಲು ಒಂದು ಕ್ಯಾಶ್ (ತಾತ್ಕಾಲಿಕ) ಪ್ರದೇಶಕ್ಕೆ ಬರೆದುಕೊಂಡು, ಬಿಡುವಾದಾಗ ಒಳಗೇ ಒಪ್ಪ ಮಾಡುತ್ತದೆ. ಬೆಳಗಿನ ಸಾಧುತನದ ಗುಟ್ಟು ಇದೇ. ಥ್ರೆಡ್ಡುಗಳು ಹೆಚ್ಚಿದಷ್ಟೂ ಬೇರೆ ಬೇರೆ ಫೈಲುಗಳ ಬರಹಗಳು ಕಲಸಿಕೊಂಡು ಬರುವುದರಿಂದ ಆ ಪ್ರದೇಶ ಬೇಗ ತುಂಬಿ, ಡಿಸ್ಕ್ ದಿಕ್ಕೆಡುತ್ತದೆ.

ಕಂಪನಿಗಳು ಎಸ್‌ಎಂಆರ್ ಸಂಗತಿಯನ್ನು ಹೇಳದೆ ಮಾರುತ್ತಿದ್ದುದು 2020ರಲ್ಲೇ ಬಯಲಾಗಿದ್ದರೂ ಪೆಟ್ಟಿಗೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಅಂಗಡಿಯವರನ್ನು ಕೇಳಿದರೆ, “ಎಲ್ಲಾ ಒಂದೇ ಅವರಿ ಸರ, ಜಿಬಿ ಎಷ್ಟು ಬೇಕು ಹೇಳ್ರಿ” ಎಂದರು.

ಎಕ್ಸ್‌ಪೋರ್ಟನ್ನು ಅಸಿಂಕ್ ಮಾಡಿದರೆ ವೇಗ ಬರುತ್ತದಲ್ಲ ಎಂದು ಕೇಳುವವರಿಗೆ: ಬರೆಯುವ ಮೊದಲೇ ಬರೆದಾಯಿತೆಂದು ಹೇಳುವ ಸರ್ವರನ್ನು, ಬೇಸಿಗೆಯಲ್ಲಿ ಕರೆಂಟು ಕೈಕೊಡುವ ನಮ್ಮ ಊರಿನಲ್ಲಿ ನಾನು ನಂಬಲಾರೆ.

ಮುಂದಿನ ಯೋಜನೆ ಬೀದರಿನ ಕಾವಲು ಗೋಪುರವಾದ ಚೌಬಾರಾವನ್ನು ಸುತ್ತಲಿಂದ ಚಿತ್ರಿಸಿ ತ್ರಿಮಿತಿ ಮಾದರಿ ಕಟ್ಟುವುದು. ಅದರ ತಂತ್ರಾಂಶ ಸಣ್ಣ ಫೈಲುಗಳನ್ನು ಉಗುಳುವ ಪರಿ ನೋಡಿದರೆ ಹಳೆಯ ಡಿಸ್ಕಿನಲ್ಲಿ ಅದು ಯುಗಾದಿಯಿಂದ ಯುಗಾದಿಗೆ ನಡೆಯುತ್ತಿತ್ತು. ಈಗ ಸಿಎಂಆರ್ ಡಿಸ್ಕ್ ಹಾಕಿ, ಥ್ರೆಡ್ಡುಗಳನ್ನು 16ಕ್ಕೆ ನಿಲ್ಲಿಸಿದ್ದೇನೆ. ಅದೇ ಸುರಿಮಳೆಗೆ ವೇಗ 90 ಎಂಬಿಗಿಂತ ಕೆಳಗಿಳಿದಿಲ್ಲ. ಎಸ್‌ಎಂಆರ್ ಡಿಸ್ಕ್ ಒಂದೇ ಸಾಲಿನಲ್ಲಿ ಬರೆಯುವ ವಾರದ ಬ್ಯಾಕಪ್ಪಿಗೆ ಹೋಗಿದೆ.