ಆ ಹಳದಿ ದೀಪ ಆರಲೇ ಇಲ್ಲ

ಅಣ್ಣನ ಮಗಳಿಗೆ ಅನಿಮೇಷನ್ ಹುಚ್ಚು. ಹಳೇ ಲ್ಯಾಪ್‌ಟಾಪ್ ಒಂದು ಸೀನ್ ತೆರೆಯುವುದಕ್ಕೇ ಏದುಸಿರು ಬಿಡುತ್ತಿತ್ತು. ಡೆಸ್ಕ್‌ಟಾಪ್ ಬೇಕು, ಅದನ್ನೂ ತಾನೇ ಜೋಡಿಸಬೇಕು ಅಂತ ಹಟ ಹಿಡಿದಳು. ಹುಬ್ಬಳ್ಳಿಯಲ್ಲಿ ಸಾಮಾನು ಕೊಂಡು, ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದೆವು. ರೈಜನ್ 5 7600 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ದೀಪಾವಳಿಗೆ ಅಂತ ಅಣ್ಣ ಮೊದಲೇ ಕೈ ಎತ್ತಿದ್ದ. ಸದ್ಯಕ್ಕೆ ಅದಿಲ್ಲದಿದ್ದರೂ ನಡೆಯುತ್ತದೆ. ಈ ಪ್ರೊಸೆಸರ್ ಒಳಗೇ ಚಿಕ್ಕದೊಂದು ಗ್ರಾಫಿಕ್ಸ್ ಇದೆ. ಹೆಸರಿನ ಕೊನೆಗೆ ಎಫ್ ಇರುವ 7500ಎಫ್ ತಂದಿದ್ದರೆ ಕಾರ್ಡ್ ಬರುವವರೆಗೂ ಮಾನಿಟರ್ ನೋಡುತ್ತ ಸುಮ್ನೆ ಕೂಡಬೇಕಿತ್ತು.

ಜೋಡಿಸಿದ್ದೆಲ್ಲ ಅವಳೇ. ನನಗೆ ಟಾರ್ಚ್ ಹಿಡಿಯುವ ಕೆಲಸ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಪವರ್ ಬಟನ್ ಒತ್ತಿದಳು. ಫ್ಯಾನ್ ತಿರುಗಿತು, ಎಲ್ಲರೂ ಖುಷಿಯಾದರು. ಆದರೆ ಮಾನಿಟರ್ ಮಾತ್ರ "ನೋ ಸಿಗ್ನಲ್" ಅನ್ನುತ್ತ ನಿದ್ದೆಗೆ ಜಾರಿತು. ಬೋರ್ಡಿನ ಮೂಲೆಯಲ್ಲಿ ಒಂದು ಹಳದಿ ದೀಪ. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ "ಡಿರ‍್ಯಾಮ್" ಅಂತ ಬರೆದಿತ್ತು, ಅಂದರೆ ರ‍್ಯಾಮ್.

ಮೊದಲಾದರೆ ಕಂಪ್ಯೂಟರ್ ಪೀಂ ಪೀಂ ಎಂದು ಕೂಗುತ್ತಿತ್ತು. ನಾವು ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುತ್ತಿದ್ದೆವು. ಅರ್ಧ ರೋಗಕ್ಕೆ ಅದೇ ಔಷಧ. ಈಗಿನ ಎಷ್ಟೋ ಬೋರ್ಡುಗಳಲ್ಲಿ ಕೂಗುವ ಸ್ಪೀಕರೇ ಇರುವುದಿಲ್ಲ, ನಾಲ್ಕು ದೀಪ ಇರುತ್ತವೆ. ಆನ್ ಮಾಡಿದ ಕೂಡಲೇ ಮಷಿನ್ ತನ್ನನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತದೆ. ಮೊದಲು ಪ್ರೊಸೆಸರ್, ಆಮೇಲೆ ರ‍್ಯಾಮ್, ಆಮೇಲೆ ಗ್ರಾಫಿಕ್ಸ್, ಕೊನೆಗೆ ವಿಂಡೋಸ್ ಇರುವ ಡಿಸ್ಕ್. ಎಲ್ಲಿ ನಿಂತಿತೋ ಅಲ್ಲಿನ ದೀಪ ಉರಿಯುತ್ತಲೇ ಇರುತ್ತದೆ.

ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಬಂದು ಒಂದೇ ನೋಟಕ್ಕೆ ತೀರ್ಪು ಕೊಟ್ಟ. "ಅಂಕಲ್, ರ‍್ಯಾಮ್ ಹೋಗೇತ್ರಿ. ವಾಪಸ್ ಕೊಟ್ಟ್ ಬರ್ರಿ." ನಮ್ಮವ್ವ ಅಡುಗೆಮನೆಯಿಂದಲೇ "ದೃಷ್ಟಿ ಆಗಿರ್ಬೇಕು, ನಿಂಬಿಹಣ್ಣ ಇಳಿಸ್ರೋ" ಅಂದಳು. ಎರಡೂ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟೆ. ಡಿಡಿಆರ್5 ರ‍್ಯಾಮ್ ಮೊದಲ ಸಲ ಆನ್ ಆದಾಗ ಟ್ರೇನಿಂಗ್ ಅಂತ ಒಂದು ಕೆಲಸ ನಡೆಯುತ್ತದೆ. ಪ್ರೊಸೆಸರ್ರಿಗೂ ರ‍್ಯಾಮಿಗೂ ಸಿಗ್ನಲ್‌ನ ಟೈಮಿಂಗ್ ಹೊಂದಿಸುವ ಕೆಲಸ ಅದು. ಆಗ ಹಲವು ನಿಮಿಷ ಪರದೆ ಕಪ್ಪಗೇ ಇರಬಹುದು. ಹಳದಿ ದೀಪವೂ ಉರಿಯುತ್ತಿರುತ್ತದೆ. ಗಾಬರಿಯಾಗಿ ಆಫ್ ಮಾಡಿದಿರೋ, ಅದು ಮತ್ತೆ ಒಂದರಿಂದ ಶುರು ಮಾಡುತ್ತದೆ. ಎಷ್ಟು ಜನ ಇಷ್ಟಕ್ಕೇ ಒಳ್ಳೇ ರ‍್ಯಾಮನ್ನು ಅಂಗಡಿಗೆ ವಾಪಸ್ ಒಯ್ದಿದ್ದಾರೋ ದೇವರೇ ಬಲ್ಲ.

ಚಹಾ ಆಯಿತು, ಅವಲಕ್ಕಿ ಆಯಿತು. ದೀಪ ಆರಲಿಲ್ಲ. ಇದು ಟ್ರೇನಿಂಗ್ ಅಲ್ಲ ಅಂತ ಖಾತ್ರಿಯಾಯಿತು.

ವೈರ್ ಕಿತ್ತು, ನಾಲ್ಕನೆಯ ಸ್ಲಾಟಿನಲ್ಲಿದ್ದ ರ‍್ಯಾಮ್ ತೆಗೆದೆವು. ಉಳಿದದ್ದನ್ನು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಸ್ಲಾಟಿನಲ್ಲೇ ಬಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ಬಯೋಸ್, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪರದೆ, ಬಂತು! ಹುಡುಗ ಚಪ್ಪಾಳೆ ತಟ್ಟಿದ. "ನೋಡ್ರಿ, ನಾ ಹೇಳಲಿಲ್ಲ? ಆ ಇನ್ನೊಂದು ಕೆಟ್ಟೈತ್ರಿ." ಆ ಇನ್ನೊಂದನ್ನೂ ಅದೇ ಸ್ಲಾಟಿಗೆ ಹಾಕಿದೆವು. ಅದೂ ನಡೆಯಿತು. ಅಂದರೆ ಎರಡೂ ರ‍್ಯಾಮ್ ಗಟ್ಟಿ. ಆದರೆ ಯಾವುದನ್ನೇ ನಾಲ್ಕನೆಯ ಸ್ಲಾಟಿಗೆ ಹಾಕಲಿ, ಹಳದಿ ದೀಪ ಹಾಜರ್. ಹುಡುಗ ಮಾತು ಬದಲಿಸಿದ. "ಹಂಗಾರ ಸ್ಲಾಟ್ ಹೋಗೇತ್ರಿ."

ಹೋಗಿರಬಹುದು. ಆದರೆ ಈಗಿನ ಮಷಿನ್‌ಗಳಲ್ಲಿ ರ‍್ಯಾಮನ್ನು ನಡೆಸುವ ಭಾಗ ಪ್ರೊಸೆಸರ್ ಒಳಗೇ ಇರುತ್ತದೆ. ಸ್ಲಾಟಿನಿಂದ ಹೊರಟ ಗೆರೆಗಳು ಬೋರ್ಡಿನೊಳಗೆ ಹಾದು, ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್‌ಗಳ ಮೂಲಕ ಪ್ರೊಸೆಸರ್ ಮುಟ್ಟುತ್ತವೆ. ದಾರಿಯಲ್ಲಿ ಎಲ್ಲಿ ಕಡಿದರೂ ಉರಿಯುವುದು ರ‍್ಯಾಮಿನ ದೀಪವೇ. ತಪಾಸಣೆ ಎಲ್ಲಿ ನಿಂತಿತು ಅಂತಷ್ಟೇ ದೀಪ ಹೇಳುತ್ತದೆ, ಯಾರಿಂದ ನಿಂತಿತು ಅಂತ ಅದಕ್ಕೆ ಗೊತ್ತಿಲ್ಲ.

ತಣ್ಣಗಿಡುವ ಕೂಲರ್ ಒಂದು ಕಡೆ ಜಾಸ್ತಿ ಬಿಗಿಯಾಗಿ ಪ್ರೊಸೆಸರ್ ಓರೆಯಾಗಿ ಕೂತರೂ ಹೀಗಾಗುವುದುಂಟು. ನಾಲ್ಕೂ ಸ್ಕ್ರೂ ಸಡಿಲಿಸಿ, ಎದುರುಬದುರು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಕೂಡಿಸಿದೆವು. ಉಪಯೋಗವಾಗಲಿಲ್ಲ. ಕೊನೆಗೆ ಕೂಲರ್ ತೆಗೆದು, ನಡುವೆ ಹಚ್ಚಿದ ಪೇಸ್ಟ್ ಒರೆಸಿ, ಪ್ರೊಸೆಸರನ್ನೂ ಎತ್ತಿದೆವು.

ರೈಜನ್ ಮಾಡುವ ಎಎಂಡಿ ಕಂಪನಿಯ ಈ ಸಾಕೆಟ್ 2022ರಲ್ಲಿ ಬಂದದ್ದು. ಅದರ ಹಿಂದಿನದರಲ್ಲಿ ಪಿನ್‌ಗಳು ಪ್ರೊಸೆಸರ್ ಹೊಟ್ಟೆಯ ಕೆಳಗಿರುತ್ತಿದ್ದವು. ಈಗ 1718 ಪಿನ್ ಬೋರ್ಡಿನ ಮೇಲೇ ಇವೆ, ಕೂದಲಿನಷ್ಟು ಸಪೂರ, ಎಲ್ಲವೂ ಒಂದೇ ದಿಕ್ಕಿಗೆ ತುಸು ಬಾಗಿ ನಿಂತಿರುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದೆ. ಬೆಳಕು ಬಿದ್ದಲ್ಲೆಲ್ಲ ಒಂದೇ ಥರದ ಚುಕ್ಕಿಗಳ ಸಾಲು. ಅಂಚಿನ ಹತ್ತಿರ ಒಂದು ಚುಕ್ಕಿ ಮಾತ್ರ ಸಾಲಿನಲ್ಲಿರಲಿಲ್ಲ. ಪಕ್ಕದ ಪಿನ್ನಿಗೆ ತಾಗುವಷ್ಟು ಮಲಗಿತ್ತು.

ಪ್ರೊಸೆಸರ್ ಇಡುವ ಮುಂಚೆ ಅವಳು ಸ್ಟೇಟಸ್ಸಿಗೆ ಅಂತ ಸಾಕೆಟ್ ಫೋಟೋ ತೆಗೆದಿದ್ದಳು. ಅದನ್ನು ಹಿಗ್ಗಿಸಿ ನೋಡಿದರೆ ಆಗಲೇ ಪಿನ್ ಬಾಗಿತ್ತು. ಡಬ್ಬಿಯ ಸೀಲ್ ಕೂಡ ಅಂಗಡಿಯಲ್ಲೇ ಒಡೆದಿತ್ತು, "ಚೆಕ್ ಮಾಡಿ ಇಟ್ಟೀವ್ರಿ" ಅಂದಿದ್ದರು. ಫೋನ್ ಮಾಡಿದೆ. "ಪಿನ್ ಬಾಗಿದ್ರ ವಾರಂಟಿ ಬರಂಗಿಲ್ರಿ ಸರ್." ಫೋಟೋ ಐತ್ರಿ ಅಂದೆ. "ಫೋಟೋ ನಿಮ್ಮ ಮನ್ಯಾಗ ತಗದದ್ದಲ್ರಿ?" ಅಂದರು. ಇದಕ್ಕೆ ಏನು ಹೇಳುವುದು? ಮದರ್‌ಬೋರ್ಡ್ ಕೊಳ್ಳುವವರು ಸಾಕೆಟ್ಟಿನ ಕಪ್ಪು ಮುಚ್ಚಳ ತೆಗೆಸಿ, ಅಂಗಡಿಯ ಗಾಜಿನ ಕೌಂಟರ್ ಮೇಲೆಯೇ ಒಂದು ಫೋಟೋ ಹೊಡೆದುಕೊಳ್ಳುವುದು ಒಳ್ಳೆಯದು. ಆ ಮುಚ್ಚಳವನ್ನು ಎಸೆಯಲೂಬಾರದು.

ಅಣ್ಣನ ಮಗಳು ಸೂಜಿ ತಂದಳು. ನನ್ನ ಕೈ ನಡುಗುತ್ತದೆ, ಅವಳಿಗೆ ಧೈರ್ಯ ಸಾಲದು. ಆಗ ಅಣ್ಣ ಹೇಳಿದ, "ಸುಭಾಸ ರೋಡಿನ್ಯಾಗ ಗಡಿಯಾರ ರಿಪೇರಿ ಕಾಕಾ ಅದಾನಲ್ಲ?" ಇಡೀ ದಿನದಲ್ಲಿ ಅಣ್ಣ ಕೊಟ್ಟ ಸಲಹೆ ಅದೊಂದೇ.

ಮರುದಿನ ಬೋರ್ಡನ್ನು ಅದರ ಚೀಲದಲ್ಲಿ ಸುತ್ತಿ ಒಯ್ದೆವು. ಕಾಕಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. "ಏನ್ ಇದು ತಂಗಿ, ಜೋಳದ ಹೊಲ ಇದ್ದಂಗ ಐತಲ್ಲ!" ಅಂದ. ಬಾಗಿದ ಪಿನ್ ಅವನಿಗೆ ಕೂಡಲೇ ಕಂಡಿತು. ಗ್ಯಾರಂಟಿ ಕೊಡಂಗಿಲ್ಲ, ಮುರದ್ರ ಮುರೀತು ಅಂತ ಮೊದಲೇ ಹೇಳಿದ. ಸಣ್ಣ ಚಿಮಟಿಯ ತುದಿಯಿಂದ ಪಿನ್ನನ್ನು ಒಮ್ಮೆಗೇ ಎತ್ತಲಿಲ್ಲ. ಚೂರು ಎತ್ತುವುದು, ಬೋರ್ಡ್ ತಿರುಗಿಸಿ ಬೇರೆ ಕಡೆಯಿಂದ ನೋಡುವುದು, ಮತ್ತೆ ಚೂರು. ಪಕ್ಕದ ಪಿನ್ನಿನ ತುದಿಯ ಎತ್ತರಕ್ಕೆ ಬಂದ ಮೇಲೆ ಕೈ ತೆಗೆದ. ಎಷ್ಟು ಕೊಡ್ಲಿ ಅಂದರೆ, "ಸೆಲ್ ಹಾಕಿದ್ರ ತಗೋತೀನಲ್ಲ, ಅಷ್ಟ ಕೊಡ್ರಿ" ಅಂದ.

ಸಂಜೆ ಎರಡೂ ರ‍್ಯಾಮ್ ಹಾಕಿ ಆನ್ ಮಾಡಿದೆವು. ಹಳದಿ ದೀಪ ಉರಿದು, ಆರಿ, ಮುಂದಿನ ದೀಪಕ್ಕೆ ಹೋಯಿತು. ಬಯೋಸಿನಲ್ಲಿ 32 ಜಿಬಿ ತೋರಿಸಿತು. ಅದಕ್ಕೂ ಮೊದಲು "ಸಿಪಿಯು ಫ್ಯಾನ್ ಎರರ್, ಎಫ್1 ಒತ್ತಿ" ಅಂತ ಹೊಸ ತಕರಾರು ಬಂದಿತ್ತು. ಎಲ್ಲವನ್ನೂ ಮತ್ತೆ ಜೋಡಿಸುವಾಗ ಕೂಲರ್ ವೈರ್ ಪಕ್ಕದ ಕೇಸ್ ಫ್ಯಾನಿನ ಜಾಗಕ್ಕೆ ಹೋಗಿತ್ತು ಅಷ್ಟೇ. ಬೂಟ್ ಡಿವೈಸ್ ಇಲ್ಲ ಅಂತಲೂ ಹೇಳಿತು. ಖಾಲಿ ಡಿಸ್ಕಿಗೆ ಅದು ಬೈಗುಳವಲ್ಲ, ವಿಂಡೋಸ್ ಇನ್ನೂ ಹಾಕಿಲ್ಲ ಅಂತ ಅರ್ಥ.

ಒಂದು ಕೆಲಸ ಬಾಕಿ ಇತ್ತು. ಡಬ್ಬಿಯ ಮೇಲೆ ವೇಗ 6000 ಅಂತಿದ್ದ ರ‍್ಯಾಮ್ 4800ರಲ್ಲಿ ಓಡುತ್ತಿತ್ತು. ಬಯೋಸಿನಲ್ಲಿ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಮಾತ್ರ ಪೂರ್ತಿ ವೇಗ. ಅವಳು ಆನ್ ಮಾಡಿ ಸೇವ್ ಕೊಟ್ಟಳು. ಮಷಿನ್ ರೀಸ್ಟಾರ್ಟ್ ಆಯಿತು. ಪರದೆ ಕಪ್ಪು, ಹಳದಿ ದೀಪ. ಪಕ್ಕದ ಮನೆಯ ಹುಡುಗ "ಅಯ್ಯೋ, ಮತ್ತ ಹೋತು" ಅಂತ ಪವರ್ ಬಟನ್ನಿಗೆ ಕೈ ಹಾಕಿದ. ಅವಳು ಅವನ ಕೈಗೆ ಫಟ್ ಅಂತ ಒಂದು ಕೊಟ್ಟಳು.

"ಸುಮ್ನ ಕೂಡೋ, ಟ್ರೇನಿಂಗ್ ನಡದೈತಿ."